ಕಿರುಬೆರಳಿನ ಸಾಕ್ಷಿ

ಲಿಂಗ ನೆಲಕ್ಕೆ ಬೀಳಲಿಲ್ಲ. ಸ್ಪೂರ್ತಿಯ ಮಡಿಲಿಗೆ ಬಿತ್ತು.

ಬಸಮ್ಮಜ್ಜಿ ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ಅದನ್ನೇ ನೋಡುತ್ತ ವಚನ ಹೇಳುತ್ತಿದ್ದರು. ಎದುರಿಗೆ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ, ಶಾಲೆಯ ನೀಲಿ ಸ್ಕರ್ಟ್ ಹಾಕಿಕೊಂಡು ಸ್ಪೂರ್ತಿ ಕೂತಿದ್ದಳು. ಸ್ಕೂಲ್ ವ್ಯಾನ್ ಬರುವುದರೊಳಗೆ ಒಂದು ವಚನ ಕಲಿಯುವುದು ಅಜ್ಜಿ ಮೊಮ್ಮಗಳ ಬೆಳಗಿನ ರೂಢಿ. ಅಜ್ಜಿ ಒಂದು ಸಾಲು ಹೇಳಬೇಕು, ಸ್ಪೂರ್ತಿ ಅದನ್ನು ತಿರುಗಿ ಹೇಳಬೇಕು.

ಮೂರನೆಯ ಸಾಲಿನ ಅರ್ಧಕ್ಕೆ ಅಜ್ಜಿಯ ದನಿ ನಿಂತಿತು. ಬಳೆ ಛಣ್ ಅಂದಿತು. ಪುಟ್ಟ ಕಪ್ಪು ಲಿಂಗ ಬೆರಳುಗಳ ಮೇಲಿಂದ ಜಾರಿ, ಸ್ಕರ್ಟಿನ ಹಳ್ಳದಲ್ಲಿ ಬಂದು ಕೂತಿತು.

ಇಬ್ಬರೂ ಅಲುಗಾಡಲಿಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಒಂದು ಸೀಟಿ ಹೊಡೆಯಿತು.

ಅಜ್ಜಿ ಬಲಗೈಯಿಂದ ಲಿಂಗ ಎತ್ತಿಕೊಂಡು ಕಣ್ಣಿಗೆ ಒತ್ತಿಕೊಂಡರು. ಅವರ ಮುಖದ ಬಣ್ಣವೇ ಬೇರೆಯಾಗಿತ್ತು.

"ನೆಲಕ್ಕ ಬಿತ್ತೇನಬೇ?"

"ಇಲ್ಲಜ್ಜಿ, ನನ್ನ ಮಡಿಲಿಗೆ ಬಿತ್ತು. ಕ್ಯಾಚ್ ಹಿಡ್ದಂಗೆ!"

ಬೇರೆ ದಿನವಾಗಿದ್ದರೆ ಅಜ್ಜಿ ನಗುತ್ತಿದ್ದರು. ಈಗ ನಗಲಿಲ್ಲ. ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಬೆಳ್ಳಿಯ ಕರಡಿಗೆಯೊಳಗೆ ಇಟ್ಟು, ಮುಚ್ಚಳ ಹಾಕಿದರು. ಪೂಜೆ ಇನ್ನೂ ಮುಗಿದಿರಲಿಲ್ಲ.

"ನಿಮ್ಮಪ್ಪಗ ಹೇಳಬ್ಯಾಡ. ನಿಮ್ಮವ್ವಗೂ ಬ್ಯಾಡ."

"ಯಾಕಜ್ಜಿ?"

"ಹೇಳಬ್ಯಾಡ ಅಂದ್ರ ಹೇಳಬ್ಯಾಡ. ಮಾತು ಕೊಡು."

ಸ್ಪೂರ್ತಿ ಅಜ್ಜಿಯ ಅಂಗೈ ಮೇಲೆ ಕೈ ಇಟ್ಟು ಮಾತು ಕೊಟ್ಟಳು. ಆ ಅಂಗೈ ತಣ್ಣಗಿತ್ತು. ಕೆಳಗೆ ವ್ಯಾನಿನ ಹಾರ್ನ್ ಕೇಳಿಸಿತು. ಚೀಲ ಎತ್ತಿಕೊಂಡು ಓಡುವಾಗ ಸ್ಪೂರ್ತಿ ನೋಡಿಕೊಂಡಳು: ನೀಲಿ ಸ್ಕರ್ಟಿನ ನಡುವೆ, ಲಿಂಗ ಬಿದ್ದ ಜಾಗದಲ್ಲಿ, ವಿಭೂತಿಯ ಬಿಳಿ ಗುರುತು.

*

ವ್ಯಾನು ಎಂದಿನಂತೆ ರೈಲ್ವೆ ಅಂಡರ್‌ಪಾಸ್‌ನಲ್ಲಿ ಸಿಕ್ಕಿಕೊಂಡಿತು. ಮುಂದೆ ನೀರಿನ ಟ್ಯಾಂಕರ್, ಹಿಂದೆ ನೀರಿನ ಟ್ಯಾಂಕರ್, ಪಕ್ಕದಲ್ಲಿ ಮರಳು ಲಾರಿ. ಎಲ್ಲರೂ ಹಾರ್ನ್ ಒತ್ತುವವರೇ.

"ಮುಂದಿಂದು ನಮ್ಮಪ್ಪಂದೇ ಟ್ಯಾಂಕರ್ ಕಣೇ," ಎಂದಳು ಪಕ್ಕದಲ್ಲಿ ಕೂತ ದೀಪಶ್ರೀ. ಅವಳದು ಇದೇ ಹೂಡಿ ಊರಿನ ಹಳೇ ಮನೆತನ. ಅಪಾರ್ಟ್‌ಮೆಂಟ್‌ಗಳು ಏಳುವ ಮೊದಲು ಅವಳ ತಾತ ಇಲ್ಲೇ ರಾಗಿ ಬೆಳೆಯುತ್ತಿದ್ದರಂತೆ. "ಡ್ರೈವರ್ ಶಶಿಕುಮಾರಣ್ಣ. ಇಂಗೇ ಅಡ್ಡ ನಿಲ್ಸೋದು ಅಂದ್ರೆ ಅವ್ನಿಗೆ ಕುಶಿ."

ಸ್ಪೂರ್ತಿ ತನ್ನ ಸ್ಕರ್ಟನ್ನೇ ನೋಡುತ್ತಿದ್ದಳು.

"ಏನಾಯ್ತೇ? ಸ್ಕರ್ಟ್ ಮೇಲೆ ಏನದು, ಚಾಕ್‌ಪೀಸಾ?"

"ವಿಭೂತಿ."

"ಹಣೆ ಬಿಟ್ಟು ಸ್ಕರ್ಟಿಗೆ ಹಚ್ಕೊಂಡಿದೀಯಾ?" ದೀಪಶ್ರೀ ಕಿಸಕ್ಕನೆ ನಕ್ಕಳು.

ಸ್ಪೂರ್ತಿ ಆ ಗುರುತನ್ನು ಕೊಡವಲಿಲ್ಲ. ಅದರ ಮೇಲೆ ಟಿಫಿನ್ ಬ್ಯಾಗ್ ಇಟ್ಟುಕೊಂಡಳು.

*

ಮಧ್ಯಾಹ್ನ ಮನೆಗೆ ಬಂದಾಗ ಡೈನಿಂಗ್ ಟೇಬಲ್ ಮೇಲೆ ತಟ್ಟೆ ಮುಚ್ಚಿಟ್ಟಿತ್ತು. ಮುಚ್ಚಳ ತೆಗೆದು ನೋಡಿದಳು. ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಅಮ್ಮ ಬೆಳಿಗ್ಗೆ ಆಫೀಸಿಗೆ ಹೋಗುವಾಗ ಬಡಿಸಿಟ್ಟದ್ದು ಹಾಗೇ ಇತ್ತು. ರೊಟ್ಟಿ ಒಣಗಿ ಹಪ್ಪಳವಾಗಿತ್ತು.

ಅಜ್ಜಿ ಬಾಲ್ಕನಿಯಲ್ಲಿ ಕೂತು ದೀಪದ ಬತ್ತಿಗೆ ಹತ್ತಿ ಬಿಡಿಸುತ್ತಿದ್ದರು. ದೂರದಲ್ಲಿ ಮೆಟ್ರೋ ಹಾದುಹೋಗುವ ಸದ್ದು.

"ಅಜ್ಜಿ, ಊಟ ಮಾಡಿಲ್ವಾ?"

"ಪೂಜಿ ಆಗಿಲ್ಲಲ್ಲವ್ವ."

ಸ್ಪೂರ್ತಿಗೆ ಅರ್ಥವಾಯಿತು. ಪೂಜೆ ಮುಗಿಯದೆ ಅಜ್ಜಿ ಒಂದು ತುತ್ತೂ ತಿನ್ನುವವರಲ್ಲ. ಜ್ವರ ಬಂದಾಗಲೂ ಇಲ್ಲ, ಊರಿಂದ ಬಸ್ಸಿನಲ್ಲಿ ಬಂದು ಇಳಿದ ದಿನವೂ ಇಲ್ಲ. ಮೊದಲು ಲಿಂಗ ಅಂಗೈಗೆ ಬರಬೇಕು, ಆಮೇಲೆ ಊಟ ಬಾಯಿಗೆ. ಇವತ್ತು ಲಿಂಗ ಅಂಗೈಗೆ ಬಂದಿರಲಿಲ್ಲ.

"ಈಗ ಮಾಡು ಅಜ್ಜಿ. ನಾನು ಎದುರಿಗೆ ಕೂರ್ತೀನಿ."

ಅಜ್ಜಿ ತಮ್ಮ ಎಡಗೈ ನೋಡಿಕೊಂಡರು. ಬೆರಳು ಮಡಚಿದರು, ಬಿಡಿಸಿದರು. "ಧೈರ್ಯ ಸಾಲವಲ್ದು. ಮತ್ತ ಬಿದ್ರ?"

"ಕೈ ನೋಯುತ್ತಾ?"

"ನೋವಲ್ಲ. ಜೋಮು. ಇವು ನನ್ನ ಬೆರಳ ಅಲ್ಲ ಅನ್ನಿಸ್ತದ. ಯಾರದೋ ಬೆರಳು ತಂದು ಹಚ್ಚಿದಂಗ."

"ಹಾಗಾದ್ರೆ ಡಾಕ್ಟರ್ ಹತ್ರ ಹೋಗೋಣ. ಅಪ್ಪಂಗೆ ಹೇಳ್ತೀ..." ಎಂದವಳು ಮಾತು ಕೊಟ್ಟದ್ದು ನೆನಪಾಗಿ ಬಾಯಿ ಮುಚ್ಚಿಕೊಂಡಳು.

"ಇದು ಡಾಕ್ಟರ್ ನೋಡೋದಲ್ಲ ಬೇ. ನನ್ನ ಕಡಿಂದ ತಪ್ಪಾಗ್ಯಾದ. ಅದಕ್ಕ ಲಿಂಗಯ್ಯ ಕೈಯಾಗ ನಿಲ್ಲವಲ್ಲ."

"ಏನು ತಪ್ಪು?"

ಅಜ್ಜಿ ಹತ್ತಿಯ ಎಳೆಯನ್ನು ಎಳೆಯುತ್ತಲೇ ಇದ್ದರು.

ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ಒಂದು ಲೋಟ ಮಜ್ಜಿಗೆ ಕುಡಿದರು, ಒಂದು ಬಾಳೆಹಣ್ಣು ತಿಂದರು. ಅದೂ ಸ್ಪೂರ್ತಿ ಹಣ್ಣು ಸುಲಿದು ಹಿಡಿದು ನಿಂತದ್ದಕ್ಕೆ. ಅಪ್ಪ ಅಮ್ಮ ಆಫೀಸಿನಿಂದ ಬಂದು ಊಟಕ್ಕೆ ಕರೆದಾಗ, "ನೀವು ಉಣ್ರಿ, ನನ್ನ ಚಿಂತಿ ಬಿಡ್ರಿ" ಎಂದರು. ಅಪ್ಪ ಫೋನಿನಲ್ಲಿ ಯಾರಿಗೋ ಮೀಟಿಂಗ್ ಬಗ್ಗೆ ಹೇಳುತ್ತಿದ್ದರು. ಅಮ್ಮ, "ಅತ್ತಿಯವ್ರು ಮೊದಲೇ ಉಂಡಿರಬೇಕು" ಎಂದುಕೊಂಡರು.

ಸ್ಪೂರ್ತಿ ಹೇಳಿಬಿಡಲು ಎರಡು ಸಲ ಬಾಯಿ ತೆರೆದಳು. ಕೊಟ್ಟ ಮಾತು ಅಡ್ಡ ನಿಂತಿತ್ತು, ಅಂಡರ್‌ಪಾಸ್‌ನಲ್ಲಿ ಟ್ಯಾಂಕರ್ ನಿಂತ ಹಾಗೆ.

*

ಮಾರನೆಯ ದಿನವೂ ಕರಡಿಗೆಯ ಮುಚ್ಚಳ ತೆರೆಯಲಿಲ್ಲ. ವಚನದ ಪಾಠವೂ ಇಲ್ಲ. ಸ್ಪೂರ್ತಿ ವ್ಯಾನಿಗಿಂತ ಬಹಳ ಮೊದಲೇ ಗೇಟಿನ ಹತ್ತಿರ ಬಂದು ನಿಂತಿದ್ದಳು.

ಮೂರನೆಯ ಪೀರಿಯಡ್ ಕಂಪ್ಯೂಟರ್ ಲ್ಯಾಬ್. ಹೇಮಲತಾ ಮಿಸ್ ರಜೆ ಮುಗಿಸಿ ಬಂದಿದ್ದರು. ಅವರ ಬಲಗೈ ಮಣಿಕಟ್ಟಿಗೆ ದಪ್ಪನೆಯ ಕಪ್ಪು ಪಟ್ಟಿ ಇತ್ತು. ಹೆಬ್ಬೆರಳಿನ ಸಂದಿಯಿಂದ ಮುಂದೋಳಿನ ಅರ್ಧದವರೆಗೆ ಬಿಗಿದ ಪಟ್ಟಿ.

"ಮಿಸ್, ಬಾಕ್ಸಿಂಗ್ ಸೇರಿದ್ರಾ?" ಎಂದು ಹಿಂದಿನ ಬೆಂಚಿನಿಂದ ಮಲ್ಲಿಕ್ ಕೇಳಿದ.

"ಹೌದು ಕಣೋ. ಹೋಮ್‌ವರ್ಕ್ ಮಾಡದೋರ ಜೊತೆ ಫಸ್ಟ್ ಮ್ಯಾಚ್," ಎಂದರು ಮಿಸ್. ಕ್ಲಾಸೆಲ್ಲ ನಕ್ಕಿತು. "ಇದು ಸ್ಪ್ಲಿಂಟ್. ನನಗೆ ಕಾರ್ಪಲ್ ಟನಲ್ ಸಿಂಡ್ರೋಮ್ ಅಂತ ಒಂದು ತೊಂದರೆ ಇದೆ. ಬೆರಳು ಜೋಮು ಹಿಡಿಯುತ್ತೆ. ಚಾಕ್‌ಪೀಸ್ ಹಿಡಿದ್ರೆ ಬಿದ್ದುಹೋಗುತ್ತೆ."

ಸ್ಪೂರ್ತಿ ನೆಟ್ಟಗೆ ಕೂತಳು.

"ಟನಲ್ಲಾ? ಕೈಯೊಳಗಾ?" ಎಂದಳು ದೀಪಶ್ರೀ.

"ಕೈಯೊಳಗೇ. ನೀವು ದಿನಾ ಬರ್ತೀರಲ್ಲ, ಅಂಡರ್‌ಪಾಸ್, ಅಂಥದ್ದೇ ಒಂದು ಇಲ್ಲಿದೆ." ಮಿಸ್ ತಮ್ಮ ಮಣಿಕಟ್ಟಿನ ಒಳಬದಿ ತೋರಿಸಿದರು. "ಕೆಳಗೆ ಮೂಳೆ, ಮೇಲೆ ಗಟ್ಟಿ ಪಟ್ಟಿಯ ಚಾವಣಿ. ನಡುವೆ ಇಕ್ಕಟ್ಟು ದಾರಿ. ಅದರೊಳಗೆ ಒಂಬತ್ತು ಹಗ್ಗ ಹೋಗುತ್ತೆ. ಬೆರಳು ಮಡಚೋ ಹಗ್ಗಗಳು. ಅವುಗಳ ಜೊತೆ ಒಂದೇ ಒಂದು ನರ. ಒಂಬತ್ತು ಟ್ಯಾಂಕರ್, ಒಂದು ಸ್ಕೂಟರ್ ಅಂದ್ಕೊಳ್ಳಿ. ಆ ಸ್ಕೂಟರೇ ಬೆರಳಿಂದ ಮೆದುಳಿಗೆ ಸುದ್ದಿ ಒಯ್ಯೋದು: ಬಿಸಿ ತಾಗ್ತು, ಮುಳ್ಳು ಚುಚ್ತು ಅಂತ. ಅಂಡರ್‌ಪಾಸ್ ಒಳಗೆ ಊತ ಬಂದು ಇನ್ನೂ ಇಕ್ಕಟ್ಟಾಯ್ತು ಅನ್ನಿ, ಮೊದಲು ಸಿಕ್ಕಿಹಾಕ್ಕೊಳ್ಳೋದು ಯಾರು?"

"ಸ್ಕೂಟರು!" ಎಂದು ಎಲ್ಲರೂ ಕೂಗಿದರು.

"ಸುದ್ದಿ ಹೋಗಲ್ಲ. ಬೆರಳು ಜೋಮು. ರಾತ್ರಿ ಮಲಗಿದಾಗ ಕೈ ಮಡಚಿಕೊಳ್ಳುತ್ತಲ್ಲ, ಆಗ ಇನ್ನೂ ಜಾಸ್ತಿ. ಎದ್ದು ಹೀಗೆ ಕೈ ಕೊಡವಬೇಕು." ಮಿಸ್ ಥರ್ಮಾಮೀಟರ್ ಕೊಡವುವ ಹಾಗೆ ಇನ್ನೊಂದು ಕೈ ಕೊಡವಿ ತೋರಿಸಿದರು. ಅವರ ಬಳೆ ಛಣ್ ಛಣ್ ಅಂದಿತು.

ಆ ಸದ್ದು ಸ್ಪೂರ್ತಿಗೆ ಗೊತ್ತಿತ್ತು. ಅಜ್ಜಿಯ ಪಕ್ಕ ಮಲಗುವ ಅವಳಿಗೆ ಎಷ್ಟೋ ಸಲ ಅರೆ ನಿದ್ದೆಯಲ್ಲಿ ಕೇಳಿಸಿತ್ತು. ಅಜ್ಜಿ ಸೊಳ್ಳೆ ಓಡಿಸುತ್ತಿದ್ದಾರೆ ಎಂದುಕೊಂಡು ಹೊದಿಕೆ ಎಳೆದುಕೊಂಡು ಮಲಗಿಬಿಡುತ್ತಿದ್ದಳು.

"ಮಿಸ್, ಐದೂ ಬೆರಳು ಜೋಮು ಹಿಡಿಯುತ್ತಾ?"

"ಒಳ್ಳೇ ಪ್ರಶ್ನೆ. ಇಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು. ಉಂಗುರದ ಬೆರಳು ಅರ್ಧ ಈ ಕಡೆ, ಅರ್ಧ ಆ ಕಡೆ."

"ನಮ್ಮ ಸೈಟ್ ಥರ ಮಿಸ್," ಎಂದಳು ದೀಪಶ್ರೀ. "ಅರ್ಧ ನಮ್ದು, ಅರ್ಧ ದೊಡ್ಡಪ್ಪಂದು."

"ಹಾಗೇ ಅನ್ನು. ಕಿರುಬೆರಳಿನ ನರಕ್ಕೆ ಮಾತ್ರ ಬೇರೆ ರೋಡು. ಅದು ಅಂಡರ್‌ಪಾಸ್ ಒಳಗೆ ಹೋಗೋದೇ ಇಲ್ಲ. ಹಾಗಾಗಿ ಕಿರುಬೆರಳು ಚೆನ್ನಾಗಿರುತ್ತೆ."

ಸ್ಪೂರ್ತಿ ಮತ್ತೆ ಕೈ ಎತ್ತಿದಳು. "ಕಂಪ್ಯೂಟರ್ ಮುಟ್ಟದೇ ಇರೋರಿಗೂ ಬರುತ್ತಾ?"

"ಬರುತ್ತಮ್ಮ. ನನಗೇ ಪಾಪು ಹುಟ್ಟೋ ಮುಂಚೆ ಶುರುವಾಯ್ತು. ಹೊಲಿಗೆ ಹಾಕೋರಿಗೆ, ಡ್ರಿಲ್ಲಿಂಗ್ ಮಷೀನ್ ಹಿಡಿಯೋರಿಗೆ, ಶುಗರ್ ಇರೋರಿಗೆ, ಥೈರಾಯ್ಡ್ ಇರೋರಿಗೆ. ಕೆಲವರಿಗೆ ಕಾರಣಾನೇ ಗೊತ್ತಾಗಲ್ಲ."

"ತಪ್ಪು ಮಾಡಿದೋರಿಗೆ ಬರುತ್ತಾ?"

ಎಲ್ಲರೂ ಹೋ ಎಂದು ನಕ್ಕರು. ಮಿಸ್ ಮಾತ್ರ ಸ್ಪೂರ್ತಿಯ ಮುಖವನ್ನು ಒಂದು ಗಳಿಗೆ ನೋಡಿದರು.

"ತಪ್ಪು ಮಾಡಿದ್ರೆ ಬರೋ ಹಾಗಿದ್ರೆ, ನಿಮ್ಮ ಕ್ಲಾಸ್ ಪೂರ್ತಿ ಪಟ್ಟಿ ಕಟ್ಕೊಂಡು ಕೂತಿರ್ಬೇಕಿತ್ತು," ಎಂದರು. ಆಮೇಲೆ ದನಿ ತಗ್ಗಿಸಿ, "ಇಲ್ಲ ಸ್ಪೂರ್ತಿ. ತಪ್ಪಿಗೂ ಇದಕ್ಕೂ ಸಂಬಂಧವೇ ಇಲ್ಲ. ಆದ್ರೆ ಡಾಕ್ಟರಿಗೆ ತೋರಿಸಲೇಬೇಕು. ಸುಮ್ನೆ ಬಿಟ್ರೆ ಬೆರಳಿನ ಶಕ್ತಿ ಹೋಗಿಬಿಡುತ್ತೆ."

*

ಸ್ಪೂರ್ತಿ ಶೂ ಬಿಚ್ಚಿದ್ದು ಒಂದು ಕಡೆ, ಚೀಲ ಎಸೆದದ್ದು ಒಂದು ಕಡೆ. ಟೇಬಲ್ ಮೇಲಿನ ತಟ್ಟೆ ಇವತ್ತೂ ಮುಚ್ಚಿದಂತೆಯೇ ಇತ್ತು.

"ಅಜ್ಜಿ, ಕಣ್ಣು ಮುಚ್ಚು. ಎಡಗೈ ಕೊಡು."

"ಏನಬೇ ಇದು, ಬಂದಕೂಡ್ಲೆ ಆಟ?"

"ಆಟ ಅಲ್ಲ, ಟೆಸ್ಟು. ಏನು ತಾಗ್ತು ಅಂತ ಹೇಳ್ಬೇಕು. ಕದ್ದು ನೋಡೋ ಹಾಗಿಲ್ಲ."

ಅಜ್ಜಿ ಕಣ್ಣು ಮುಚ್ಚಿದರು. ಸ್ಪೂರ್ತಿ ಬತ್ತಿಯ ಹತ್ತಿಯಿಂದ ಒಂದು ಎಳೆ ತೆಗೆದು, ಅಜ್ಜಿಯ ಹೆಬ್ಬೆರಳಿನ ತುದಿಗೆ ಮೆಲ್ಲಗೆ ಸವರಿದಳು.

"ಏನೋ ಮುಟ್ಟಿದಂಗ ಆತು. ಏನಂತ ತಿಳೀವಲ್ದು."

ತೋರುಬೆರಳಿಗೆ ಸವರಿದಳು. ಅಜ್ಜಿ ಸುಮ್ಮನಿದ್ದರು. ನಡುಬೆರಳಿಗೆ ಸವರಿದಳು. "ಹೂಂ, ಮುಟ್ಟು ಮತ್ತ," ಎಂದರು ಅಜ್ಜಿ, ಇನ್ನೂ ಮುಟ್ಟಿಯೇ ಇಲ್ಲವೆಂಬಂತೆ.

ಉಂಗುರದ ಬೆರಳಿಗೆ ಸವರಿದಾಗಲೂ ಅಜ್ಜಿಗೆ ಏನೆಂದು ತಿಳಿಯಲಿಲ್ಲ. ಕೊನೆಗೆ ಎಳೆಯನ್ನು ಕಿರುಬೆರಳಿನ ತುದಿಗೆ ತಾಗಿಸಿದಳೋ ಇಲ್ಲವೋ, ಬೆರಳು ಚಕ್ಕನೆ ಹಿಂದೆ ಸರಿಯಿತು.

"ಅರಳಿ!" ಎಂದರು ಅಜ್ಜಿ. ಅವರ ಊರಲ್ಲಿ ಹತ್ತಿಗೆ ಅರಳಿ ಎನ್ನುತ್ತಾರೆ. "ಕಚಗುಳಿ ಇಡ್ತೀಯಲ್ಲ ಬೇ!"

"ಅಜ್ಜೀ!" ಸ್ಪೂರ್ತಿ ಕೂತಲ್ಲೇ ಕುಪ್ಪಳಿಸಿದಳು. "ಕಣ್ಣು ಬಿಡು. ನಾನು ಎಲ್ಲಾ ಬೆರಳಿಗೂ ಇದನ್ನೇ ಸವರಿದ್ದು. ಕಿರುಬೆರಳು ಒಂದೇ ಹೇಳ್ತು."

ಅವಳು ಎಲ್ಲವನ್ನೂ ಹೇಳಿದಳು. ಮಣಿಕಟ್ಟಿನ ಅಂಡರ್‌ಪಾಸ್, ಒಂಬತ್ತು ಟ್ಯಾಂಕರ್, ಪಾಪದ ಸ್ಕೂಟರ್, ಬೇರೆ ರೋಡಿನಲ್ಲಿ ಹೋಗುವ ಕಿರುಬೆರಳು. ಅಜ್ಜಿ ಹೂಂಗುಟ್ಟುತ್ತ ಕೇಳಿದರು. ಕೇಳಿ ಮುಗಿದ ಮೇಲೆ ತಲೆ ಆಡಿಸಿದರು.

"ನಿಮ್ಮ ಮಿಸ್ಸಿನದು ಬ್ಯಾರೆ, ನಂದು ಬ್ಯಾರೆ. ನಂದು ಶಿಕ್ಷಾ."

ಸ್ಪೂರ್ತಿ ಇದನ್ನು ಎದುರು ನೋಡುತ್ತಲೇ ಇದ್ದಳು. ವ್ಯಾನಿನಲ್ಲಿ ಬರುವಾಗಲೇ ಉತ್ತರ ರೆಡಿ ಮಾಡಿಕೊಂಡಿದ್ದಳು.

"ಶಿಕ್ಷೆ ಆಗಿದ್ರೆ ಐದೂ ಬೆರಳಿಗೆ ಕೊಡ್ತಿದ್ದ ಅಲ್ವಾ ಶಿವ? ಕಿರುಬೆರಳನ್ನ ಯಾಕೆ ಬಿಟ್ಟ? ಅದೇನು ಬೇರೆ ಪೂಜೆ ಮಾಡ್ತಿತ್ತಾ?"

ಅಜ್ಜಿ ತಮ್ಮ ಎಡಗೈ ಎತ್ತಿ, ಕಿರುಬೆರಳನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. ಅದನ್ನೊಮ್ಮೆ ಮಡಚಿದರು. ಒಮ್ಮೆ ಬಿಡಿಸಿದರು.

"ನಾನು ಮಾತು ಕೊಟ್ಟಿದೀನಿ. ಅಪ್ಪಂಗೆ ಹೇಳಲ್ಲ," ಎಂದಳು ಸ್ಪೂರ್ತಿ. "ಆದ್ರೆ ನೀನು ಯಾರಿಗೂ ಮಾತು ಕೊಟ್ಟಿಲ್ಲ ಅಜ್ಜಿ. ನೀನು ಹೇಳ್ಬಹುದು."

"ಭಾಳ ಶಾಣ್ಯಾ ಆಗೀ ನೀ," ಎಂದರು ಅಜ್ಜಿ. ತುಟಿಯ ತುದಿಯಲ್ಲಿ ನಗುವಿನಂಥದ್ದೇನೋ ಸುಳಿಯಿತು.

ಸಂಜೆ ಅಪ್ಪ ಬಂದು ಲ್ಯಾಪ್‌ಟಾಪ್ ಬ್ಯಾಗ್ ಇಳಿಸಿದರು. ಅಜ್ಜಿ ದೇವರ ಮನೆಯ ಬಾಗಿಲಲ್ಲಿ ನಿಂತಿದ್ದರು. ಸ್ಪೂರ್ತಿ ಪುಸ್ತಕ ತೆರೆದುಕೊಂಡು ಕೂತಿದ್ದಳು. ಪುಸ್ತಕ ತಲೆಕೆಳಗಾಗಿತ್ತು.

"ಅಮರೇಶ, ಕೈ ತೋರಿಸಬೇಕಪ್ಪ," ಎಂದರು ಅಜ್ಜಿ. "ನಿನ್ನೆ ಪೂಜಿಯಾಗ ಲಿಂಗ ಜಾರಿ ಬಿತ್ತು. ಕೂಸಿನ ಮಡಿಲಾಗ ಬಿತ್ತು, ಪುಣ್ಯಾ."

ಅಪ್ಪನ ಫೋನ್ ಕಿವಿಯಿಂದ ಕೆಳಗೆ ಬಂತು. ಅಮ್ಮ ಟೇಬಲ್ ಮೇಲಿನ ತಟ್ಟೆಯ ಮುಚ್ಚಳ ತೆಗೆದು ನೋಡಿ, "ಅತ್ತಿ, ನೀವು ಉಂಡೇ ಇಲ್ಲಲ್ರೀ!" ಎಂದರು. ಅವರ ಕಣ್ಣು ತುಂಬಿತು.

*

ಮರುದಿನ ಅಪ್ಪ ಆಫೀಸಿಗೆ ಹೋಗಲಿಲ್ಲ. ಕ್ಲಿನಿಕ್ಕಿಗೆ ತಾನೂ ಬರುತ್ತೇನೆಂದು ಸ್ಪೂರ್ತಿ ಹಟ ಮಾಡಿದಳು. "ಟೆಸ್ಟ್ ಮಾಡಿದ್ದು ನಾನು," ಎಂದಾಗ ಅಮ್ಮ ಒಪ್ಪಲೇಬೇಕಾಯಿತು.

ಡಾಕ್ಟರಮ್ಮ ಅಜ್ಜಿಯ ಮಣಿಕಟ್ಟಿನ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದರು. "ಹಾಂ, ಬೆರಳಿನ ತನಕ ಕರೆಂಟ್ ಹೊಡದಂಗ ಆತು!" ಎಂದರು ಅಜ್ಜಿ.

"ಈಗ ಉಲ್ಟಾ ನಮಸ್ಕಾರ ಮಾಡಿ ಅಜ್ಜಿ." ಡಾಕ್ಟರಮ್ಮ ಎರಡೂ ಕೈಗಳ ಹಿಂಬದಿ ಒಂದಕ್ಕೊಂದು ತಾಗಿಸಿ, ಬೆರಳು ಕೆಳಮುಖ ಮಾಡಿ ತೋರಿಸಿದರು.

"ಇದೆಂಥಾ ನಮಸ್ಕಾರನವ್ವ, ಬೆನ್ನು ತೋರಿಸಿ ನಿಂತಂಗ!" ಅಜ್ಜಿ ಗೊಣಗಿಕೊಂಡೇ ಮಾಡಿದರು. ಸ್ಪೂರ್ತಿ ಪಕ್ಕದಲ್ಲಿ ತಾನೂ ಮಾಡಿ ನೋಡಿದಳು. ತುಸು ಹೊತ್ತಿಗೆ ಅಜ್ಜಿ ಮುಖ ಕಿವುಚಿದರು. "ಜೋಮು ಬಂತು. ಹೆಬ್ಬಟ್ಟು, ಇವೆರಡು. ಇದು ಆರಾಮ ಅದ," ಎಂದು ಕಿರುಬೆರಳು ಆಡಿಸಿದರು.

ಸ್ಪೂರ್ತಿ ಅಪ್ಪನ ಕಡೆ ನೋಡಿದಳು. ನೋಡಿದ್ರಾ ಎಂಬ ನೋಟ ಅದು.

"ಬೇರೆ ಯಾವ ಮಾತ್ರೆ ತಗೊಳ್ತಿದೀರಾ?" ಡಾಕ್ಟರಮ್ಮ ಕೇಳಿದರು.

"ಥೈರಾಯ್ಡ್‌ದು ಒಂದೇ," ಎಂದರು ಅಪ್ಪ. "ದಿನಾ ಬೆಳಿಗ್ಗೆ ಎದ್ದ ತಕ್ಷಣ ನಾನೇ ಕೈಗೆ ಕೊಡ್ತೀನಿ ಡಾಕ್ಟ್ರೇ. ನಾಲ್ಕು ತಿಂಗಳಿಂದ."

ಅಜ್ಜಿ ನೆಲ ನೋಡುತ್ತಿದ್ದರು.

"ನುಂಗ್ತಿದೀರಾ ಅಜ್ಜಿ?"

ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ಅಜ್ಜಿಯ ದನಿ, ತೀರಾ ಸಣ್ಣಗೆ: "ಇಲ್ಲ."

"ಅವ್ವಾ!" ಎಂದರು ಅಪ್ಪ.

"ಏನ್ ಮಾಡ್ಲಿ ಅಮರೇಶ? ಲಿಂಗಪೂಜಿ ಆಗಲಾರದ ನಾ ಬಾಯಾಗ ನೀರು ಸೈತ ಹಾಕಿದಾಕಿ ಅಲ್ಲ. ನೀ ಎದ್ದಕೂಡ್ಲೆ ನುಂಗು ಅಂತಿದ್ದಿ. ಮಗ ಕೊಟ್ಟಾನ ಅಂತ ಸ್ವಲ್ಪ ದಿನ ನುಂಗಿದೆ. ಒಳಗ ಒಂದು ಅಳುಕು. ಆಮ್ಯಾಲ ಬೆರಳು ಜೋಮು ಹಿಡೀಲಾಕ ಶುರು ಆತು. ಪೂಜಿಗಿಂತ ಮೊದಲು ಗುಳಿಗಿ ನುಂಗೀನಲ್ಲ, ಅದಕ್ಕ ಹಿಂಗ ಆಗ್ಯಾದ ಅಂತ ತಿಳಕೊಂಡೆ. ಗುಳಿಗಿ ಬಿಟ್ಟೆ. ನೀ ಕೊಟ್ಟಿದ್ದೆಲ್ಲಾ ಸೆರಗಿಗೆ ಕಟ್ಟಿಕೊಂಡು, ತುಳಸಿ ಕುಂಡ್ಯಾಗ ಹಾಕೀನಿ."

ಸ್ಪೂರ್ತಿಗೆ ಬಾಲ್ಕನಿಯ ತುಳಸಿ ನೆನಪಾಯಿತು. ಈ ಸಲ ಅದು ಭರ್ಜರಿಯಾಗಿ ಚಿಗುರಿತ್ತು.

ಡಾಕ್ಟರಮ್ಮ ಬೈಯಲಿಲ್ಲ.

"ಥೈರಾಯ್ಡ್ ಕಡಿಮೆ ಆದ್ರೆ ಮೈಯಲ್ಲಿ ನೀರು ನಿಂತು ಊತ ಬರುತ್ತೆ ಅಜ್ಜಿ. ಮಣಿಕಟ್ಟಿನ ಒಳಗೂ ಬರುತ್ತೆ. ಮೊದಲೇ ಇಕ್ಕಟ್ಟು ದಾರಿ. ಬೆರಳು ಜೋಮು ಹಿಡಿದಿದ್ದು ಮಾತ್ರೆ ನುಂಗಿದ್ದಕ್ಕಲ್ಲ. ಬಿಟ್ಟಿದ್ದಕ್ಕೆ ಇನ್ನೂ ಜಾಸ್ತಿ ಆಗಿರಬೇಕು. ಅದೊಂದೇ ಕಾರಣ ಅಂತ ಈಗಲೇ ಹೇಳಲ್ಲ. ರಕ್ತ ಪರೀಕ್ಷೆ ಮಾಡೋಣ, ನರದ ಪರೀಕ್ಷೆ ಮಾಡೋಣ. ಆದ್ರೆ ಮಾತ್ರೆ ಬಿಡೋ ಹಾಗಿಲ್ಲ. ಖಾಲಿ ಹೊಟ್ಟೆಯಲ್ಲೇ ತಗೋಬೇಕು."

ಅಜ್ಜಿಯ ಮುಖ ಮತ್ತೆ ಬಾಡಿತು. "ಖಾಲಿ ಹೊಟ್ಟ್ಯಾಗ..." ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಸ್ಪೂರ್ತಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ದೊಡ್ಡವರು ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆಂದು ಅವಳಿಗೆ ತಿಳಿಯಲೇ ಇಲ್ಲ.

"ಪೂಜೆಗೂ ಖಾಲಿ ಹೊಟ್ಟೆ ಬೇಕು, ಮಾತ್ರೆಗೂ ಖಾಲಿ ಹೊಟ್ಟೆ ಬೇಕು," ಎಂದಳು. "ಮತ್ತೆ ಜಗಳ ಎಲ್ಲಿದೆ? ಪೂಜೆ ಮುಗಿದ ತಕ್ಷಣ ಮಾತ್ರೆ ನುಂಗಿದ್ರೆ ಆಗಲ್ವಾ ಡಾಕ್ಟರ್ ಆಂಟಿ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಕ್ಕರು. "ಆಗದೇ ಏನು? ಅಜ್ಜಿ, ನೀವು ಪೂಜೆ ಎಷ್ಟು ಹೊತ್ತಿಗೆ ಮಾಡ್ತೀರಿ?"

"ಆರೂವರಿಗೆ ಕೂಡ್ತೀನಿ."

"ಮಾಡಿ. ಮುಗಿದ ಕೂಡಲೇ ನೀರಿನ ಜೊತೆ ಮಾತ್ರೆ. ಅರ್ಧ ಗಂಟೆ, ಮುಕ್ಕಾಲು ಗಂಟೆ ಬಿಟ್ಟು ತಿಂಡಿ. ಅಷ್ಟೇ."

"ಅಷ್ಟೇನಾ?" ಎಂದರು ಅಪ್ಪ. ಕುರ್ಚಿಗೆ ಒರಗಿಕೊಂಡು ಮತ್ತೆ, "ಅಷ್ಟೇ ಆಗಿತ್ತಾ? ಅವ್ವ, ಒಂದು ಮಾತು ಹೇಳಬಾರದಿತ್ತಾ?"

"ನೀ ಕೇಳಿದ್ದಿಲ್ಲಲ್ಲಪ್ಪ," ಎಂದರು ಅಜ್ಜಿ. ಅದರಲ್ಲಿ ಸಿಟ್ಟಿರಲಿಲ್ಲ. ಅಪ್ಪ ಮಾತ್ರ ಬಹಳ ಹೊತ್ತು ತಮ್ಮ ಶೂ ನೋಡಿಕೊಂಡರು.

ಮನೆಗೆ ಹೊರಟಾಗ ಅಜ್ಜಿಯ ಕೈಯಲ್ಲಿ ಹೇಮಲತಾ ಮಿಸ್ ಕಟ್ಟಿಕೊಂಡಿದ್ದಂಥದ್ದೇ ಒಂದು ಪಟ್ಟಿ ಇತ್ತು. ರಾತ್ರಿ ಕಟ್ಟಿಕೊಂಡು ಮಲಗಬೇಕು, ಮಣಿಕಟ್ಟು ನೇರ ಇರಬೇಕು. ಇದರಲ್ಲಿ ಗುಣವಾಗದಿದ್ದರೆ ಮುಂದೆ ಇಂಜೆಕ್ಷನ್ ಇದೆ, ಸಣ್ಣ ಆಪರೇಷನ್ ಇದೆ, ಹೆದರಬೇಕಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ಪೂಜೆ ಮಾಡುವಾಗ ಮೊಣಕೈ ಕೆಳಗೆ ದಿಂಬು ಇಟ್ಟುಕೊಳ್ಳಿ ಎಂದೂ ಹೇಳಿದ್ದರು.

"ಕೈಗೆ ಸೈತ ಕುಪ್ಪಸ ಹೊಲಿಸ್ಯಾರಲ್ಲ," ಎಂದು ಅಜ್ಜಿ ಲಿಫ್ಟಿನಲ್ಲಿ ಆ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

*

ಮರುದಿನ ಬೆಳಿಗ್ಗೆ ದೇವರ ಮನೆಯಿಂದ ಕರಡಿಗೆಯ ಮುಚ್ಚಳ ತೆರೆದ ಸದ್ದು ಕೇಳಿ ಸ್ಪೂರ್ತಿ ಓಡಿ ಬಂದಳು. ತಲೆ ಬಾಚಿರಲಿಲ್ಲ, ಒಂದು ಕಾಲಿಗೆ ಮಾತ್ರ ಸಾಕ್ಸ್ ಇತ್ತು.

ಅಜ್ಜಿ ಮಡಿಲಲ್ಲಿ ದಿಂಬು ಇಟ್ಟು, ಅದರ ಮೇಲೆ ಮೊಣಕೈ ಊರಿದ್ದರು. ಪತ್ರಿ, ವಿಭೂತಿ, ಹೂವಿನ ತಟ್ಟೆ ಎದುರಿಗಿತ್ತು. ತಟ್ಟೆಯ ಪಕ್ಕದಲ್ಲಿ ಒಂದು ಲೋಟ ನೀರು. ಲೋಟದ ಪಕ್ಕದಲ್ಲಿ ಬಿಳಿ ಮಾತ್ರೆ ತನ್ನ ಸರದಿಗೆ ಕಾಯುತ್ತಿತ್ತು. ಅಪ್ಪ ಇಟ್ಟುಹೋಗಿದ್ದರು.

ಜೋಮು ಒಂದೇ ರಾತ್ರಿಗೆ ಹೋಗಿರಲಿಲ್ಲ. ಬಟ್ಟೆಯ ಗಂಟು ಬಿಚ್ಚುವಾಗ ಅಜ್ಜಿಯ ಬೆರಳುಗಳು ತಡವರಿಸಿದವು. ಲಿಂಗವನ್ನು ಬಲಗೈಯಲ್ಲಿ ಎತ್ತಿಕೊಂಡರು. ಎಡ ಅಂಗೈ ಹತ್ತಿರ ತಂದು, ಹಾಗೇ ಹಿಡಿದುಕೊಂಡರು.

ಸ್ಪೂರ್ತಿ ಎದುರಿಗೆ ಬಂದು, ಮಂಡಿಗೆ ಮಂಡಿ ತಾಗಿಸಿ ಕೂತಳು. ಎರಡೂ ಕೈ ಸೇರಿಸಿ ಬೊಗಸೆ ಮಾಡಿ, ಅಜ್ಜಿಯ ಕೈಯ ಕೆಳಗೆ ಹಿಡಿದಳು. ತಾಗಿಸಲಿಲ್ಲ. ನಡುವೆ ಒಂದು ಹೂ ಹಿಡಿಸುವಷ್ಟು ಜಾಗ ಬಿಟ್ಟಳು.

ಲಿಂಗ ಅಂಗೈಗೆ ಬಂತು.

ಅಜ್ಜಿ ವಚನ ಶುರು ಮಾಡಿದರು. ಮೊದಲಿನಿಂದಲ್ಲ, ಅವತ್ತು ನಿಂತಿದ್ದ ಮೂರನೆಯ ಸಾಲಿನ ಅರ್ಧದಿಂದಲೇ. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಕಿರುಬೆರಳು ಮಾತ್ರ ಅಂಚಿನಲ್ಲಿ ಬೇಲಿಯ ಹಾಗೆ ಗಟ್ಟಿಯಾಗಿ ನಿಂತಿತ್ತು. ಬಳೆ ಸದ್ದು ಮಾಡಲಿಲ್ಲ.

ಕೆಳಗೆ ವ್ಯಾನಿನ ಹಾರ್ನ್ ಕೇಳಿಸಿತು. "ಇವತ್ತು ನಾನೇ ಬಿಟ್ಟು ಬರ್ತೀನಿ," ಎಂದು ಅಪ್ಪ ಬಾಲ್ಕನಿಯಿಂದ ವ್ಯಾನಿನವರಿಗೆ ಕೂಗಿ ಹೇಳಿದರು. ಸ್ಪೂರ್ತಿಯ ತೋಳು ನೋಯತೊಡಗಿತ್ತು. ಅವಳು ಅಲುಗಲಿಲ್ಲ.

ಅಜ್ಜಿ ಒಂದು ಸಲವೂ ಕೆಳಗೆ ನೋಡಲಿಲ್ಲ. ಅವರ ಕಣ್ಣು ಲಿಂಗದ ಮೇಲೆಯೇ ಇತ್ತು. ಕೆಳಗೆ ಕೈಗಳಿವೆಯೋ ಇಲ್ಲವೋ ಎಂದು ನೋಡುವ ಅಗತ್ಯವೇ ಅವರಿಗೆ ಇದ್ದಂತಿರಲಿಲ್ಲ. ಜಾರಿದರೆ ಹಿಡಿಯುವ ಕೈಗಳಿವೆ ಎಂಬ ಧೈರ್ಯವೇ ಅಜ್ಜಿಗೆ ಇಷ್ಟು ದಿನ ಬೇಕಿದ್ದದ್ದು ಎಂದು ಸ್ಪೂರ್ತಿಗೆ ಆಗ ತಿಳಿಯಿತು.

ಸಾಲು ಮುಗಿಯಿತು. ಅಜ್ಜಿ ನಿಲ್ಲಿಸಿ ಕಾದರು. ಈಗ ಸ್ಪೂರ್ತಿಯ ಸರದಿ.

ಬೊಗಸೆ ಹಾಗೇ ಹಿಡಿದುಕೊಂಡು, ಅವಳು ಆ ಸಾಲನ್ನು ತಿರುಗಿ ಹೇಳಿದಳು.